ದೂರಸಂಪರ್ಕ ಎಂಜಿನಿಯರರ ಸಂಘ: ಏಕೆ? ಎಲ್ಲಿಯವರೆಗೆ?

ಕೊಡಗಿನ ಉತ್ತರ ತುದಿಯಲ್ಲಿರುವ ಶನಿವಾರಸಂತೆಯ ಹೆಸರಿನಲ್ಲಿಯೇ ಅದರ ಇತಿಹಾಸವಿದೆ. ವಾರಕ್ಕೊಮ್ಮೆ ಸುತ್ತಲಿನ ಹಳ್ಳಿಗಳ ಜನ ಒಂದೆಡೆ ಸೇರಿ ಸರಕು ವಿನಿಮಯ ಮಾಡಿಕೊಳ್ಳುವ ಏರ್ಪಾಡಿನಿಂದ ಊರು ಬೆಳೆಯಿತು. ಸಂತೆ ನಡೆಯಬೇಕಾದರೆ ಮಾರುವವರು ಮತ್ತು ಕೊಳ್ಳುವವರು ಇದ್ದರೆ ಸಾಲದು. ಇಬ್ಬರೂ ಒಪ್ಪುವ ಅಳತೆ ಇರಬೇಕು. ಒಬ್ಬನ ಸೇರು ಇನ್ನೊಬ್ಬನ ಸೇರಿಗಿಂತ ಚಿಕ್ಕದಾದರೆ ಜಗಳ ಖಂಡಿತ!

ಸಂಪರ್ಕ ತಂತ್ರಜ್ಞಾನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಾವಿಯನ್ನು ಒಬ್ಬರೇ ತೋಡಬಹುದು, ಸೇತುವೆಯನ್ನು ಒಂದೇ ತಂಡ ಕಟ್ಟಬಹುದು. ಆದರೆ ದೂರವಾಣಿಗೆ ಎರಡು ತುದಿಗಳಿವೆ. ಈ ತುದಿಯಲ್ಲಿ ಕಳುಹಿಸಿದ ಸಂಕೇತವನ್ನು ಆ ತುದಿಯಲ್ಲಿ ಬಿಡಿಸಬೇಕಾದರೆ, ಎರಡನ್ನೂ ರೂಪಿಸಿದವರು ಮೊದಲೇ ಪರಸ್ಪರ ಒಪ್ಪಿರಬೇಕು. ಅವರು ಬೇರೆ ಬೇರೆ ದೇಶದವರಾಗಿರಬಹುದು, ಪೈಪೋಟಿಯಲ್ಲಿರುವ ಕಂಪನಿಗಳವರೂ ಆಗಿರಬಹುದು. ಹಾಗಾದರೆ ಅವರು ಮಾತನಾಡಿಕೊಳ್ಳುವುದು ಎಲ್ಲಿ? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಒಂದು, ವೃತ್ತಿಪರ ಎಂಜಿನಿಯರರ ಸಂಘ. ಅದು ಕಾರ್ಮಿಕ ಸಂಘವಲ್ಲ, ಸರ್ಕಾರಿ ಇಲಾಖೆಯೂ ಅಲ್ಲ. ಅದು ಹುಟ್ಟಿದ ಬಗೆಯನ್ನೂ ಅದರ ವ್ಯಾಪ್ತಿಯನ್ನೂ ಈಗ ನೋಡೋಣ.

ಒಬ್ಬಂಟಿ ಪ್ರಯೋಗಗಳ ಕಾಲ

ಭಾರತದಲ್ಲಿ ತಂತಿಯ ಮೂಲಕ ಸಂಕೇತ ಕಳುಹಿಸುವ ಪ್ರಯೋಗವನ್ನು 1839ರಲ್ಲಿ ಕಲ್ಕತ್ತೆಯಲ್ಲಿ ನಡೆಸಿದವನು ವಿಲಿಯಂ ಓ'ಶಾನೆಸ್ಸಿ. ಆತ ವೃತ್ತಿಯಿಂದ ವೈದ್ಯ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನ ವಿಜ್ಞಾನದ ಅಧ್ಯಾಪಕ. ತನ್ನ ಫಲಿತಾಂಶಗಳನ್ನು ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನಾದರೂ ಅವನ್ನು ಕೂಲಂಕಷವಾಗಿ ಚರ್ಚಿಸಲು ಸಮಾನ ವೃತ್ತಿಯವರ ಕೂಟವೇ ಆಗ ಇರಲಿಲ್ಲ. ಹಾಗೊಂದು ವೃತ್ತಿಯೇ ಇನ್ನೂ ಹುಟ್ಟಿರಲಿಲ್ಲ ಎನ್ನಬೇಕು. ಸುಮಾರು ಹನ್ನೆರಡು ವರ್ಷಗಳ ನಂತರವೇ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ ತಂತಿ ಮಾರ್ಗ ಬಂದದ್ದು. ಅಲ್ಲಿಂದ ಮುಂದೆ ವೇಗ ಹೆಚ್ಚಿತು. 1856ರ ಹೊತ್ತಿಗೆ ಸುಮಾರು 6,400 ಕಿಲೋಮೀಟರ್ ಉದ್ದದ ತಂತಿ ಜಾಲ ಕಲ್ಕತ್ತ, ಆಗ್ರಾ, ಬೊಂಬಾಯಿ, ಮದರಾಸು, ಉದಕಮಂಡಲಗಳ ಜೊತೆಗೆ ಬೆಂಗಳೂರನ್ನೂ ಬೆಸೆದಿತ್ತು.

ಒಬ್ಬಂಟಿ ಪ್ರಯೋಗಗಳ ದುಬಾರಿ ಪಾಠ ಬಂದದ್ದು 1858ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಐರ್ಲೆಂಡ್‌ನಿಂದ ನ್ಯೂಫೌಂಡ್‌ಲೆಂಡ್‌ವರೆಗೆ ಕೇಬಲ್ ಎಳೆದು ಮುಗಿಸಲಾಯಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ಸಂಕೇತ ಇಷ್ಟು ನಿಧಾನವಾಗುವುದೇಕೆ? ಕೇಬಲಿನ ಒಳಗೆ ತಾಮ್ರದ ತಂತಿ, ಸುತ್ತ ಅವಾಹಕ, ಹೊರಗೆ ಸಮುದ್ರದ ನೀರು. ಇವು ಮೂರೂ ಸೇರಿ ಒಂದು ಉದ್ದನೆಯ ಧಾರಕದಂತೆ ವರ್ತಿಸುತ್ತವೆ. ಪ್ರತಿ ಸಂಕೇತಕ್ಕೂ ಈ ಧಾರಕ ತುಂಬಿ ಬರಿದಾಗಬೇಕು. ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಇದನ್ನು ಗಣಿತದಿಂದ ತೋರಿಸಿ, ಅತಿ ಕ್ಷೀಣ ವಿದ್ಯುತ್ತನ್ನು ಗುರುತಿಸುವ ಸೂಕ್ಷ್ಮ ಉಪಕರಣ ಬೇಕೆಂದು ಹೇಳಿದ್ದ. ಆದರೆ ಕಂಪನಿಯ ವಿದ್ಯುತ್ ತಜ್ಞ ವೈಟ್‌ಹೌಸ್ ಅದನ್ನು ಒಪ್ಪಲಿಲ್ಲ. ದೊಡ್ಡ ಸುರುಳಿಗಳಿಂದ ಸುಮಾರು 2,000 ವೋಲ್ಟ್‌ಗಳ ಒತ್ತಡ ನೀಡಿದ. ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತುಹೋಯಿತು.

ಮುಂದಿನ ವಿಚಾರಣೆಯಿಂದ ಸ್ಪಷ್ಟವಾದದ್ದು ಒಬ್ಬ ವ್ಯಕ್ತಿಯ ಹಟವಷ್ಟೇ ಅಲ್ಲ. ಪ್ರತಿರೋಧವನ್ನು ಅಳೆಯಲು ಸರ್ವಸಮ್ಮತ ಏಕಮಾನವೇ ಇರಲಿಲ್ಲ. ಒಂದು ಕಾರ್ಖಾನೆಯ ತಾಮ್ರಕ್ಕೂ ಇನ್ನೊಂದರ ತಾಮ್ರಕ್ಕೂ ವಾಹಕತೆಯಲ್ಲಿ ಭಾರಿ ವ್ಯತ್ಯಾಸವಿತ್ತು. ಅನುಭವಿಗಳು ತಮ್ಮ ತಿಳಿವಳಿಕೆಯನ್ನು ವ್ಯಾಪಾರದ ಗುಟ್ಟಾಗಿ ಇಟ್ಟುಕೊಂಡಿದ್ದರು. ಅಂದರೆ, ಪ್ರತಿಯೊಬ್ಬರ ಬಳಿಯೂ ಬೇರೆ ಬೇರೆ ಸೇರು! ಬ್ರಿಟಿಷ್ ವಿಜ್ಞಾನ ಸಂಘ 1861ರಲ್ಲಿ ವಿದ್ಯುತ್ ಏಕಮಾನಗಳಿಗಾಗಿ ಸಮಿತಿ ನೇಮಿಸಿತು. ನೀವು ಪ್ರಯೋಗಾಲಯದಲ್ಲಿ ನಿತ್ಯ ಬಳಸುವ ಓಮ್, ವೋಲ್ಟ್, ಆಂಪೇರ್‌ಗಳಿಗೆ 1881ರ ಪ್ಯಾರಿಸ್ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆ ದೊರೆಯಿತು. ಈ ಏಕಮಾನಗಳ ಅಗತ್ಯ ತೀವ್ರವಾಗಿ ಕಾಣಿಸಿದ್ದು ತಂತಿ ಎಂಜಿನಿಯರರಿಗೆ ಎಂಬುದು ನೆನಪಿಡಬೇಕಾದ ಸಂಗತಿ.

ಎಂಟು ಜನರ ಸಭೆ

1871ರ ಮೇ 17ರಂದು ಲಂಡನ್ನಿನಲ್ಲಿ ಎಂಟು ಜನ ಸೇರಿ 'ಸೊಸೈಟಿ ಆಫ್ ಟೆಲಿಗ್ರಾಫ್ ಎಂಜಿನಿಯರ್ಸ್' ಸ್ಥಾಪಿಸಿದರು. ಮೊದಲ ಅಧ್ಯಕ್ಷನಾದವನು ವಿಲಿಯಂ ಸೀಮನ್ಸ್. ಲಂಡನ್ನಿನಿಂದ ಜರ್ಮನಿ, ರಷ್ಯ ಮತ್ತು ಪರ್ಷಿಯಗಳ ಮೂಲಕ ಭಾರತಕ್ಕೆ ಬಂದ ಸುಮಾರು 11,000 ಕಿಲೋಮೀಟರಿನ ತಂತಿ ಮಾರ್ಗವನ್ನು 1870ರಲ್ಲಿ ಪೂರ್ಣಗೊಳಿಸಿದ್ದು ಈ ಸೀಮನ್ಸ್ ಸೋದರರ ಸಂಸ್ಥೆಯೇ.

ಇಲ್ಲೊಂದು ಸ್ವಾರಸ್ಯವಿದೆ. ಮೇ 17 ಇನ್ನೊಂದು ಸಂಸ್ಥೆಯ ಹುಟ್ಟುದಿನವೂ ಹೌದು. 1865ರ ಅದೇ ದಿನ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ತಂತಿ ಒಕ್ಕೂಟದ ಒಪ್ಪಂದಕ್ಕೆ ಸಹಿ ಬಿತ್ತು. ಇಂದಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದರ ಮುಂದುವರಿಕೆ. ಭಾರತ 1869ರಿಂದ ಅದರ ಸದಸ್ಯ. ವಿಶ್ವ ದೂರಸಂಪರ್ಕ ದಿನವನ್ನು ಮೇ 17ರಂದು ಆಚರಿಸುವುದು ಇದರ ನೆನಪಿಗೆ.

ಈ ಎರಡರ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಕ್ಕೂಟದ ಸದಸ್ಯರು ಸರ್ಕಾರಗಳು. ಯಾರು ಯಾವ ಆವೃತ್ತಿಯನ್ನು ಬಳಸಬೇಕು, ದರಗಳ ಲೆಕ್ಕ ಹೇಗೆ ಎಂಬ ಒಪ್ಪಂದಗಳು ಅಲ್ಲಿ ನಡೆಯುತ್ತವೆ. ಸಂಘದ ಸದಸ್ಯರಾದರೋ ವ್ಯಕ್ತಿಗಳು. ಅಲ್ಲಿ ಪ್ರಬಂಧ ಓದಬೇಕು, ಎದುರಿಗಿದ್ದವರು ಕೇಳುವ ಪ್ರಶ್ನೆಗೆ ಉತ್ತರಿಸಬೇಕು, ಅದೆಲ್ಲ ಮುದ್ರಣವಾಗಿ ಎಲ್ಲರಿಗೂ ದೊರೆಯಬೇಕು. ಅಲ್ಲಿ ಹಿರಿಯ ಅಧಿಕಾರಿಯ ಲೆಕ್ಕದಲ್ಲಿನ ದೋಷವನ್ನು ಕಿರಿಯ ಎಂಜಿನಿಯರ್ ಎತ್ತಿ ತೋರಿಸಬಹುದು. ಅನುಭವವನ್ನು ಗುಟ್ಟಾಗಿ ಉಳಿಸದೆ ವಿಜ್ಞಾನವಾಗಿಸುವುದು, ಇದೇ ಇಂಥ ಸಂಘದ ಮೊದಲ ಉದ್ದೇಶ.

ಹೆಸರು ಬದಲಾದಂತೆ ವ್ಯಾಪ್ತಿ

ಸಂಘಗಳ ವ್ಯಾಪ್ತಿ ಬೆಳೆದ ಕಥೆಯನ್ನು ಅವುಗಳ ಹೆಸರುಗಳೇ ಹೇಳುತ್ತವೆ. ಲಂಡನ್ನಿನ ಸಂಘ 1880ರಲ್ಲಿ ತನ್ನ ಹೆಸರಿಗೆ ವಿದ್ಯುತ್ ತಜ್ಞರನ್ನೂ ಸೇರಿಸಿಕೊಂಡಿತು. ಅದೇ ದಶಕದ ಕೊನೆಯಲ್ಲಿ 'ಇನ್‌ಸ್ಟಿಟ್ಯೂಷನ್ ಆಫ್ ಎಲೆಕ್ಟ್ರಿಕಲ್ ಎಂಜಿನಿಯರ್ಸ್' ಆಯಿತು. ತಂತಿ ಎಂಬ ಮಾತೇ ಹೆಸರಿನಿಂದ ಹೋಯಿತು. ಅಮೆರಿಕದಲ್ಲಿ 1884ರಲ್ಲಿ ವಿದ್ಯುತ್ ಎಂಜಿನಿಯರರ ಸಂಸ್ಥೆ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನಾದವನು ತಂತಿ ಕಂಪನಿಯೊಂದರ ಮುಖ್ಯಸ್ಥ ನಾರ್ವಿನ್ ಗ್ರೀನ್.

ಆಮೇಲೆ ನಿಸ್ತಂತು ಬಂತು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗಿತು. ಹತ್ತಿರದಲ್ಲಿಯೇ ಇದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನ ಏಕೈಕ ರೇಡಿಯೋ ನಿರ್ವಾಹಕ ಉಪಕರಣ ಆರಿಸಿ ಮಲಗಿದ್ದ. ಪ್ರೇಷಕವೂ ಇತ್ತು, ಅಭಿಗ್ರಾಹಕವೂ ಇತ್ತು. ಆದರೆ ಸದಾ ಕಿವಿಗೊಟ್ಟಿರಬೇಕೆಂಬ ಒಪ್ಪಂದವಿರಲಿಲ್ಲ. ಸಂಪರ್ಕವೆಂದರೆ ಬರಿಯ ಯಂತ್ರವಲ್ಲ ಎಂಬುದನ್ನು ಈ ದುರಂತ ಜಗತ್ತಿಗೆ ತೋರಿಸಿತು. ಅದರ ಮರು ತಿಂಗಳು, ಬೇರೆಯೇ ಕಾರಣಗಳಿಂದ, ಅಮೆರಿಕದ ಎರಡು ಸಣ್ಣ ನಿಸ್ತಂತು ಸಂಘಗಳು ಕೂಡಿ 'ಇನ್‌ಸ್ಟಿಟ್ಯೂಟ್ ಆಫ್ ರೇಡಿಯೋ ಎಂಜಿನಿಯರ್ಸ್' ಹುಟ್ಟಿತು. ರೇಡಿಯೋ ತರಂಗಕ್ಕೆ ಗಡಿ ಇಲ್ಲವೆಂದೋ ಏನೋ, ಸಂಸ್ಥಾಪಕರು ಹೆಸರಿನಲ್ಲಿ ಅಮೆರಿಕ ಎಂದು ಸೇರಿಸಲಿಲ್ಲ. ಇದರ ಭಾರತ ಶಾಖೆಗೆ ಮೊದಲ ಅಧ್ಯಕ್ಷರಾದವರು ನಮ್ಮ ಬಿ.ವಿ. ಬಾಳಿಗಾ. ವಿದ್ಯುತ್ ಶಕ್ತಿಯ ನಿಯಂತ್ರಣದಲ್ಲಿ ಇಂದು ಎಲ್ಲೆಡೆ ಬಳಸುವ ಐಜಿಬಿಟಿ ಎಂಬ ಟ್ರಾನ್ಸಿಸ್ಟರಿನಿಂದ ಹೆಸರಾದ, ಜಾಲಹಳ್ಳಿಯಲ್ಲಿ ಬೆಳೆದ ಜಯಂತ್ ಬಾಳಿಗಾ ಇವರ ಮಗ.

ಅಮೆರಿಕದ ಈ ಎರಡು ದೊಡ್ಡ ಸಂಸ್ಥೆಗಳು 1963ರಲ್ಲಿ ವಿಲೀನವಾಗಿ 'ಐಇಇಇ' ಆದವು. ರೇಡಿಯೋ ಸಂಸ್ಥೆಯಲ್ಲಿ 1952ರಲ್ಲಿ ಒಂದು ವೃತ್ತಿ ಗುಂಪಾಗಿ ಆರಂಭವಾಗಿದ್ದ ಸಂಪರ್ಕ ವಿಭಾಗ 1972ರಲ್ಲಿ ಐಇಇಇ ಒಳಗಿನ 'ಕಮ್ಯುನಿಕೇಷನ್ಸ್ ಸೊಸೈಟಿ'ಯಾಗಿ ಸ್ಥಾನ ಪಡೆಯಿತು. ಅದು ತನ್ನದೆಂದು ಹೇಳಿಕೊಳ್ಳುವ ಕ್ಷೇತ್ರದ ಪಟ್ಟಿ ದೊಡ್ಡದು. ತಂತಿ, ದೂರವಾಣಿ, ರೇಡಿಯೋ, ನೆಲದಡಿಯ ಮತ್ತು ಸಮುದ್ರದಡಿಯ ಕೇಬಲ್, ತರಂಗನಾಳ, ಉಪಗ್ರಹ, ಲೇಸರ್, ಒಂದೇ ಮಾರ್ಗದಲ್ಲಿ ಹಲವು ಸಂಕೇತಗಳನ್ನು ಸಾಗಿಸುವ ವಿಧಾನಗಳು, ದೋಷ ಪತ್ತೆ ಮತ್ತು ತಿದ್ದುಪಡಿ, ಕರೆಗಳನ್ನು ಜೋಡಿಸುವ ಸ್ವಿಚಿಂಗ್, ದತ್ತಾಂಶ ಸಂಪರ್ಕ, ಇವೆಲ್ಲಕ್ಕೂ ಆಧಾರವಾದ ಸಂಪರ್ಕ ಸಿದ್ಧಾಂತ. ಈ ಪಟ್ಟಿಯಲ್ಲಿ ಯಾವುದೂ ಒಂದು ಯಂತ್ರಕ್ಕೆ ಕಟ್ಟುಬಿದ್ದಿಲ್ಲ ಎಂಬುದನ್ನು ಗಮನಿಸಿ. ಇಲ್ಲಿನ ಸಂದೇಶವನ್ನು ಅಲ್ಲಿ ವಿಶ್ವಾಸಾರ್ಹವಾಗಿ ಮರುಸೃಷ್ಟಿಸುವ ಎಲ್ಲ ವಿಧಾನವೂ ಅದರ ವ್ಯಾಪ್ತಿಗೆ ಸೇರುತ್ತದೆ. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ಕೊನೆಗೊಂಡಿತು. ತಂತಿ ಎಂಜಿನಿಯರರು ಆರಂಭಿಸಿದ ಸಂಪ್ರದಾಯ ಮಾತ್ರ ಮುಂದುವರಿದಿದೆ.

ಭಾರತದ್ದೇ ಆದ ಸಂಸ್ಥೆ

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ ಸ್ಥಾಪನೆಯಾಯಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗ 1946ರಿಂದಲೇ ಇತ್ತು. ಉಪಕರಣ ತಯಾರಿಸುವವರು, ಅಂಚೆ ತಂತಿ ಇಲಾಖೆಯವರು, ಆಕಾಶವಾಣಿಯವರು, ಸೇನೆಯ ಸಿಗ್ನಲ್ಸ್ ದಳದವರು, ರೈಲ್ವೆಯವರು, ಅಧ್ಯಾಪಕರು ಹೀಗೆ ದೇಶದಲ್ಲಿ ಈ ವೃತ್ತಿಯವರ ಸಂಖ್ಯೆ ಬೆಳೆಯುತ್ತಿತ್ತು. ಇಂಥವರೆಲ್ಲ ಒಂದೇ ವೇದಿಕೆಗೆ ಬರಲೆಂದು 1953ರಲ್ಲಿ ದೆಹಲಿಯಲ್ಲಿ 'ಇನ್‌ಸ್ಟಿಟ್ಯೂಷನ್ ಆಫ್ ಟೆಲಿಕಮ್ಯುನಿಕೇಷನ್ ಎಂಜಿನಿಯರ್ಸ್' ಸ್ಥಾಪಿತವಾಯಿತು. ಮುಂದೆ ಹೆಸರಿಗೆ 'ಎಲೆಕ್ಟ್ರಾನಿಕ್ಸ್' ಸೇರಿ ಐಇಟಿಇ ಆಯಿತು. ಈಗ ಕಂಪ್ಯೂಟರ್ ಮತ್ತು ಮಾಹಿತಿ ತಂತ್ರಜ್ಞಾನಗಳೂ ಅದರ ಕ್ಷೇತ್ರದಲ್ಲಿವೆ. ಬೆಂಗಳೂರಿನಲ್ಲಿಯೂ ಅದರ ಕೇಂದ್ರವಿದೆ.

ಅಂತರರಾಷ್ಟ್ರೀಯ ಸಂಘಗಳು ಇದ್ದಾಗ ನಮ್ಮದೇ ಒಂದು ಏಕೆ ಬೇಕಿತ್ತು? ಇದಕ್ಕೆ ಗುಡುಗು ಮಿಂಚುಗಳಲ್ಲಿಯೇ ಒಂದು ಉತ್ತರವಿದೆ.

ಹೂಮಳೆಯ ಕಾಲದಲ್ಲಿ, ಕಾಫಿ ಬೆಳೆಗಾರರು ಮೋಡ ನೋಡುತ್ತಿರುವಾಗ, ಹಳೆಯ ರೇಡಿಯೋದ ಮಧ್ಯಮ ತರಂಗದಲ್ಲಿ ಕರಕರ ಸದ್ದು ಕೇಳುವುದನ್ನು ನೀವು ಗಮನಿಸಿರಬಹುದು. ಇದು ಉಪಕರಣದ ದೋಷವಲ್ಲ. ಪ್ರತಿಯೊಂದು ಮಿಂಚೂ ಒಂದು ಪ್ರೇಷಕ. ಭೂಮಿಯ ಮೇಲೆ ಸೆಕೆಂಡಿಗೆ ಸರಾಸರಿ 40ಕ್ಕೂ ಹೆಚ್ಚು ಮಿಂಚುಗಳಾಗುತ್ತವೆ. ಅವುಗಳಲ್ಲಿ ಬಹುಪಾಲು ಉಷ್ಣವಲಯದಲ್ಲಿ. ಮಿಂಚಿನಿಂದ ಹೊಮ್ಮುವ ರೇಡಿಯೋ ಶಕ್ತಿ ಕೆಲವು ಕಿಲೋಹರ್ಟ್ಸ್‌ಗಳಲ್ಲಿ ಅತಿ ಹೆಚ್ಚಿದ್ದು, ಆವೃತ್ತಿ ಏರಿದಂತೆ ಇಳಿಯುತ್ತದೆ. ರಾತ್ರಿ ವೇಳೆ ಅಯಾನುಗೋಳದಿಂದ ಪ್ರತಿಫಲಿಸಿ ಬಹುದೂರ ಸಾಗುತ್ತದೆ. ಯೂರೋಪಿನ ಹವೆಗೆ ತಕ್ಕಂತೆ ಲೆಕ್ಕ ಹಾಕಿದ ಪ್ರೇಷಕದ ಸಾಮರ್ಥ್ಯ ನಮ್ಮಲ್ಲಿ ಸಾಲದು. ಧ್ವನಿ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹಾಗಾದರೆ ಎಷ್ಟು ಬೇಕು? ಅದನ್ನು ಇಲ್ಲಿಯವರೇ ಅಳೆದು ಹೇಳಬೇಕು.

ಈ ಕೆಲಸ ಮಾಡಿದವರಲ್ಲಿ ಪ್ರಮುಖರು ಪ್ರೊಫೆಸರ್ ಎಸ್.ವಿ. ಚಂದ್ರಶೇಖರ ಅಯ್ಯ. ಉಷ್ಣವಲಯದ ಗುಡುಗು ಮೋಡಗಳು ಹೊಮ್ಮಿಸುವ ರೇಡಿಯೋ ಗದ್ದಲದ ಶಕ್ತಿಯನ್ನು ಕುರಿತ ಅವರ ಪ್ರಬಂಧ 1955ರಲ್ಲಿ ರೇಡಿಯೋ ಎಂಜಿನಿಯರರ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಪರ್ಕ ವಿಭಾಗದ ಮುಖ್ಯಸ್ಥರಾದರು. ಐಇಟಿಇ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದೆ. ಸ್ಥಳೀಯವೆನಿಸುವ ಅಳತೆಯೊಂದು ಪ್ರಕಟವಾಗಿ, ಪ್ರಶ್ನೆಗೊಳಗಾಗಿ, ಜಗತ್ತಿನ ಎಂಜಿನಿಯರರು ಬಳಸಬಹುದಾದ ಜ್ಞಾನವಾಗುವ ಮಾರ್ಗ ಇದು. ನಮ್ಮ ಮಳೆ, ನಮ್ಮ ಬೆಟ್ಟ, ನಮ್ಮ ಬಿಸಿಲು ಆ ಲೆಕ್ಕದಲ್ಲಿ ಬಾರದೆ ಹೋದರೆ, ಇನ್ನೆಲ್ಲಿಗೋ ರೂಪಿಸಿದ ಯಂತ್ರ ನಮ್ಮಲ್ಲಿ ಕೆಲಸ ಮಾಡಲಾರದು.

ಅದೇ ವಿಭಾಗದಲ್ಲಿ ಸೂಕ್ಷ್ಮ ತರಂಗ ಮತ್ತು ಆಂಟೆನಾಗಳ ಬಗ್ಗೆ ಸಂಶೋಧನೆ ನಡೆಸಿದವರು ಡಾ. ರಾಜೇಶ್ವರಿ ಚಟರ್ಜಿ (1922-2010). ಮೈಸೂರು ಸಂಸ್ಥಾನದಲ್ಲಿ ಹುಟ್ಟಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದು, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕ ವರ್ಗಕ್ಕೆ ಸೇರಿದರು. ಮುಂದೆ ವಿಭಾಗದ ಮುಖ್ಯಸ್ಥೆಯಾದರು. ಐಇಟಿಇ ಅವರಿಗೆ ರಾಮ್‌ಲಾಲ್ ವಾಧ್ವಾ ಪ್ರಶಸ್ತಿ ನೀಡಿತು. ಮಹಿಳಾ ಎಂಜಿನಿಯರರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಸಮಾನ ವೃತ್ತಿಯವರ ಸಂಘವೊಂದು ಕೊಟ್ಟ ಇಂಥ ಮನ್ನಣೆಗೆ ವಿಶೇಷ ಬೆಲೆಯಿದೆ.

ತೆರೆದಿದ್ದ ಇನ್ನೊಂದು ಬಾಗಿಲು

ಐಇಟಿಇ ಮಾಡಿದ ಇನ್ನೊಂದು ಕೆಲಸ ಪರೀಕ್ಷೆ ನಡೆಸಿದ್ದು. ಎಂಜಿನಿಯರಿಂಗ್ ಕಾಲೇಜುಗಳು ವಿರಳವಾಗಿದ್ದ ದಿನಗಳಲ್ಲಿ, ದೂರವಾಣಿ ವಿನಿಮಯ ಕೇಂದ್ರದಲ್ಲೋ ಪ್ರಸಾರ ಕೇಂದ್ರದಲ್ಲೋ ಕೆಲಸ ಮಾಡುತ್ತಲೇ ಓದಿ, ಈ ಸಂಸ್ಥೆಯ ಅಸೋಸಿಯೇಟ್ ಸದಸ್ಯತ್ವದ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದಿತ್ತು. ಸರ್ಕಾರ ಅದನ್ನು ನೌಕರಿಗೆ ಎಂಜಿನಿಯರಿಂಗ್ ಪದವಿಗೆ ಸಮಾನವೆಂದು ಮಾನ್ಯ ಮಾಡಿತ್ತು. ಶುಲ್ಕ ಕಟ್ಟಿ ಪಟ್ಟಣದ ಹಾಸ್ಟೆಲಿನಲ್ಲಿ ನಾಲ್ಕೈದು ವರ್ಷ ಇರಲಾಗದ ಕುಟುಂಬಗಳ ಮಕ್ಕಳಿಗೆ ಇದು ದೊಡ್ಡ ಆಸರೆ. ತಂತ್ರಜ್ಞನಾಗಿ ಸೇರಿದವನು ಎಂಜಿನಿಯರ್ ಆಗುವ ಮಾರ್ಗ.

2013ರ ಮೇ 31ರವರೆಗೆ ನೋಂದಾಯಿಸಿಕೊಂಡವರಿಗೆ ಮಾತ್ರ ಈ ಸಮಾನತೆ ಉಳಿಯಿತು. ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿರುವುದರಿಂದ ಇದರ ಅಗತ್ಯ ತಗ್ಗಿದೆ ಎಂದು ವಾದಿಸಬಹುದು. ಪ್ರಯೋಗಾಲಯವಿಲ್ಲದ ಓದು ಎಂಜಿನಿಯರರನ್ನು ಪೂರ್ತಿಯಾಗಿ ರೂಪಿಸದು ಎಂಬ ಮಾತಿನಲ್ಲಿಯೂ ಹುರುಳಿದೆ. ಆದರೆ ದುಡಿಯುತ್ತ ಕಲಿಯುವವರಿಗೆ ಅಷ್ಟೇ ತೂಕದ ಮತ್ತೊಂದು ಬಾಗಿಲು ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ವೃತ್ತಿಗೆ ಯಾರು ಬರಬಹುದು ಎಂಬುದೂ ವೃತ್ತಿಪರ ಸಂಘದ ವ್ಯಾಪ್ತಿಗೆ ಸೇರಿದ ವಿಷಯವೇ.

ಕೊನೆಯ ಹಳ್ಳಿಯವರೆಗೆ

1984ರಲ್ಲಿ ಟೆಲಿಮ್ಯಾಟಿಕ್ಸ್ ಅಭಿವೃದ್ಧಿ ಕೇಂದ್ರ, ಅಂದರೆ ಸಿ-ಡಾಟ್, ಆರಂಭವಾಯಿತು. ಹಳ್ಳಿಗಳಿಗೆಂದೇ 128 ಸಂಪರ್ಕಗಳ ಚಿಕ್ಕ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ಅದು ರೂಪಿಸಿತು. ವಿದೇಶದ ದೊಡ್ಡ ಕೇಂದ್ರಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕಿತ್ತು. ಇದಕ್ಕೆ ಬೇಕಿರಲಿಲ್ಲ. ಇದರ ಮೊದಲ ಸ್ಥಾಪನೆ 1986ರ ಜುಲೈನಲ್ಲಿ ನಮ್ಮ ಕಿತ್ತೂರಿನಲ್ಲಾಯಿತು. ಇದನ್ನು ಮಾಡಿದ್ದು ಸರ್ಕಾರದ ಸಂಸ್ಥೆಯೇ ಹೊರತು ವೃತ್ತಿಪರ ಸಂಘವಲ್ಲ. ಆದರೆ ನಮ್ಮ ಪರಿಸರದ ಅಳತೆಯಿಂದಲೇ ವಿನ್ಯಾಸ ಆರಂಭವಾಗಬೇಕೆಂಬ ತತ್ತ್ವ, ಅಯ್ಯ ಅವರು ಗುಡುಗನ್ನು ಅಳೆದಾಗ ಪಾಲಿಸಿದ್ದೇ ಆಗಿತ್ತು.

ಕೆಲಸ ಮುಗಿದಿದೆಯೆ? ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2021ರಲ್ಲಿ, ಶನಿವಾರಸಂತೆ ಸಮೀಪದ ಸರ್ಕಾರಿ ಶಾಲೆಯೊಂದರ ಶಿಕ್ಷಕರು ಮೊಬೈಲ್ ಸಂಕೇತ ಸಿಗದೆ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಅಲ್ಲಿಂದ ಮಕ್ಕಳಿಗೆ ಪಾಠ ಮಾಡಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಆ ಶಿಕ್ಷಕರ ನಿಷ್ಠೆಯನ್ನು ಎಲ್ಲರೂ ಮೆಚ್ಚಿದರು, ಸರಿಯೇ. ಅದರ ಹಿಂದಿನ ಭೌತ ವಿಜ್ಞಾನವನ್ನೂ ನೋಡಿ. ಮೊಬೈಲ್ ಸಂಪರ್ಕದ ಆವೃತ್ತಿಗಳು ನೂರಾರು ಮೆಗಾಹರ್ಟ್ಸ್‌ಗಳಿಂದ ಮೇಲಿನವು. ಅವು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ. ನಡುವೆ ಗುಡ್ಡ ಬಂದರೆ ಅದರ ಹಿಂದೆ 'ನೆರಳು' ಬೀಳುತ್ತದೆ. ತೋಟದ ಮರಗಳ ಒದ್ದೆ ಎಲೆಗಳು ಒಂದಿಷ್ಟು ಶಕ್ತಿಯನ್ನು ಹೀರುತ್ತವೆ. ಕೆಲವೇ ಮೀಟರ್ ಮೇಲೇರಿದರೂ ಗೋಪುರದತ್ತ ನೋಟ ತೆರೆದು ಸಂಕೇತ ಬಲವಾಗಬಹುದು. ಆ ಅಟ್ಟಣೆ ನಿಜಕ್ಕೂ ಒಂದು ಆಂಟೆನಾ ಕಂಬ. ಅದರ ತುದಿಯಲ್ಲಿ ಕುಳಿತವರು ಒಬ್ಬ ಶಿಕ್ಷಕರು!

ಸಂಘಗಳ ಮಿತಿಯೂ ಇಲ್ಲಿ ಕಾಣುತ್ತದೆ. ಸಂಘ ಗೋಪುರ ಕಟ್ಟುವುದಿಲ್ಲ, ಪರವಾನಗಿ ಕೊಡುವುದಿಲ್ಲ, ದರ ನಿಗದಿ ಮಾಡುವುದಿಲ್ಲ. ಜನ ವಿರಳವಾಗಿರುವ ಬೆಟ್ಟಗಾಡಿಗೆ ಹಣ ಹೂಡಬೇಕೆ ಎಂಬುದು ಕಂಪನಿಯ ಮತ್ತು ಸರ್ಕಾರದ ತೀರ್ಮಾನ. ಆದರೆ ಬೆಟ್ಟದ ನೆರಳಿನಲ್ಲಿರುವ ಹಳ್ಳಿಯನ್ನು ಕಡಿಮೆ ಖರ್ಚಿನಲ್ಲಿ ತಲಪುವುದು ಹೇಗೆ ಎಂಬುದು ಎಂಜಿನಿಯರರ ಪ್ರಶ್ನೆ. ಅದನ್ನು ಸಭೆಯಲ್ಲಿ ಎತ್ತುವುದು, ಅಳೆದು ಪ್ರಕಟಿಸುವುದು, ಸಾಧ್ಯವೆಂದು ತೋರಿಸುವುದು ಸಂಘದ ಕೆಲಸ. ತಾಂತ್ರಿಕವಾಗಿ ಸಾಧ್ಯವಿಲ್ಲ ಎಂಬ ನೆಪಕ್ಕೆ ಆಗ ಎಡೆಯಿರುವುದಿಲ್ಲ. ಮನುಷ್ಯರ ನಡುವಿನ ಸಂಪರ್ಕವನ್ನೇ ವೃತ್ತಿಯಾಗಿ ಆರಿಸಿಕೊಂಡವರ ಕೂಟಕ್ಕೆ, ಸಂಪರ್ಕ ದೊರೆಯದವರೇ ಕೊನೆಯ ಒರೆಗಲ್ಲು.

ನೀವು ಏನು ಮಾಡಬಹುದು?

ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಓದುತ್ತಿರುವವರು ಐಇಟಿಇ ವಿದ್ಯಾರ್ಥಿ ವೇದಿಕೆಯನ್ನೋ ಐಇಇಇ ವಿದ್ಯಾರ್ಥಿ ಶಾಖೆಯನ್ನೋ ಸೇರಬಹುದು. ಸದಸ್ಯತ್ವದ ಪ್ರಮಾಣಪತ್ರ ಕೈಗೆ ಬಂದರೆ ಸಾಲದು. ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದಾಗಲೇ ನೀವು ನಿಜವಾದ ಸದಸ್ಯರು.

ಶಾಲೆಯ ಮಕ್ಕಳಿಗೂ ಒಂದು ಚಟುವಟಿಕೆ ಇದೆ. ನಿಮ್ಮ ಊರಿನ ನಕ್ಷೆ ಬರೆಯಿಸಿ. ಹತ್ತಿಪ್ಪತ್ತು ಸ್ಥಳಗಳಲ್ಲಿ ಮೊಬೈಲ್ ಸಂಕೇತದ ಬಲವನ್ನು ಡೆಸಿಬೆಲ್‌ಗಳಲ್ಲಿ ಗುರುತಿಸಲಿ. ಇದನ್ನು ಹಲವು ಫೋನುಗಳ ಸೆಟ್ಟಿಂಗ್‌ಗಳಲ್ಲಿಯೇ ನೋಡಬಹುದು. ಸಂಖ್ಯೆಯ ಮುಂದೆ ಋಣ ಚಿಹ್ನೆ ಇರುತ್ತದೆ, ಆದ್ದರಿಂದ -80 ಎಂದರೆ -110ಕ್ಕಿಂತ ಬಲವಾದ ಸಂಕೇತ. ಎಲ್ಲ ಅಳತೆಗೂ ಒಂದೇ ಫೋನ್, ಒಂದೇ ಸಿಮ್ ಬಳಸಬೇಕು. ಏಕೆ ಎಂದು ಮಕ್ಕಳನ್ನೇ ಕೇಳಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಅಳೆದು ಹೋಲಿಸಲಿ. ಗುಡ್ಡದ ನೆರಳು ಎಲ್ಲಿ ಬೀಳುತ್ತದೆಂದು ಗೆರೆ ಎಳೆಯಲಿ. ನಂತರ ಆ ನಕ್ಷೆಯನ್ನು ಪಕ್ಕದ ಶಾಲೆಯವರ ನಕ್ಷೆಯೊಂದಿಗೆ ಜೋಡಿಸಿ. ಎರಡೂ ಶಾಲೆಗಳ ಅಳತೆಗಳು ಗಡಿಯಲ್ಲಿ ಹೊಂದದಿದ್ದರೆ ಕಾರಣ ಹುಡುಕಲು ಮಕ್ಕಳು ಒಟ್ಟಿಗೆ ಕುಳಿತು ಚರ್ಚಿಸಲೇಬೇಕಾಗುತ್ತದೆ. 1871ರಲ್ಲಿ ಆ ಎಂಟು ಜನ ಕುಳಿತದ್ದೂ ಇಂಥ ಚರ್ಚೆಗಾಗಿಯೇ.